ಆ ರಾತ್ರಿಯ ನಾಡಿಬಡಿತ

ಮಾನ್ಯರೇ,

ಕಳೆದ ಸಂಚಿಕೆಯ ಹೃದ್ರೋಗ ಲೇಖನದಲ್ಲಿ ಗಾಂಜಾವನ್ನು ಎಳೆದು ತಂದದ್ದು ಸರಿಯಲ್ಲವೆಂದು ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ನಿಮಗೆ 26 ವರ್ಷ; ವಾರಕ್ಕೊಮ್ಮೆ ಗೆಳೆಯರೊಡನೆ ಸೇದುತ್ತೀರಿ. ಒಂದು ರಾತ್ರಿ ಸೇದಿದ ಹತ್ತು ನಿಮಿಷಕ್ಕೆ ಎದೆ ಡವಡವ ಹೊಡೆದುಕೊಳ್ಳತೊಡಗಿ, ಗೋಡೆಗೆ ಒರಗಿ ಕೂತು ನಾಡಿ ಎಣಿಸಿದಾಗ ನಿಮಿಷಕ್ಕೆ 130 ಇತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಗಿಡದಿಂದ ಬಂದ ವಸ್ತು ಎಳೆಯ ಹೃದಯಕ್ಕೆ ಏನು ಮಾಡೀತು ಎಂಬುದು ನಿಮ್ಮ ಪ್ರಶ್ನೆ.

ಗಿಡದ ಮಾತನ್ನು ಬೇಗ ಮುಗಿಸುತ್ತೇನೆ. ಹೃದ್ರೋಗಿಗಳಿಗೆ ಕೊಡುವ ಡಿಜಾಕ್ಸಿನ್ ಕೂಡ ಗಿಡದಿಂದಲೇ ಬಂದದ್ದು. ಅದರ ಪ್ರಮಾಣ ತುಸು ಹೆಚ್ಚಾದರೂ ಹೃದಯದ ಲಯ ತಪ್ಪುತ್ತದೆ.

ನಿಮ್ಮ ಆ 130ನ್ನು ಬರೀ ಗಾಬರಿಯ ಲೆಕ್ಕಕ್ಕೆ ಹಾಕಬೇಡಿ. ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿ ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಬಡಿತವನ್ನು ಶೇ 20ರಿಂದ 100ರವರೆಗೂ ಏರಿಸಬಲ್ಲದು. ಬಡಿತ ಏರಿದಷ್ಟೂ ಹೃದಯದ ಸ್ನಾಯು ಹೆಚ್ಚು ಆಮ್ಲಜನಕ ಬೇಡುತ್ತದೆ. ಅದೇ ಹೊತ್ತಿಗೆ, ದಮ್ಮೆಳೆದು ಎದೆಯಲ್ಲೇ ಹಿಡಿದಿಟ್ಟ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕವನ್ನು ಹೊರುವ ರಕ್ತದ ಶಕ್ತಿಯನ್ನೇ ಕುಗ್ಗಿಸುತ್ತದೆ. 1974ರಲ್ಲಿ ಅಮೆರಿಕದ ಸಂಶೋಧಕರು, ಶ್ರಮಪಟ್ಟಾಗ ಎದೆನೋವು ಬರುವ ರೋಗಿಗಳಿಗೆ ಒಂದೇ ಒಂದು ಗಾಂಜಾ ಸಿಗರೇಟು ಸೇದಿಸಿ ವ್ಯಾಯಾಮ ಮಾಡಿಸಿದಾಗ, ನೋವು ಕಾಣಿಸಿಕೊಳ್ಳಲು ಮೊದಲು ಹಿಡಿಯುತ್ತಿದ್ದ ಸಮಯದ ಹೆಚ್ಚುಕಡಿಮೆ ಅರ್ಧದಷ್ಟರಲ್ಲೇ ಅದು ಬಂದಿತು.

2001ರಲ್ಲಿ ಪ್ರಕಟವಾದ, ಹೃದಯಾಘಾತವಾದ 3,882 ಮಂದಿಯನ್ನು ವಿಚಾರಿಸಿದ ಅಧ್ಯಯನವು, ಸೇದಿದ ಮೊದಲ ಒಂದು ಗಂಟೆಯಲ್ಲಿ ಅಪಾಯ ಸುಮಾರು 4.8 ಪಟ್ಟು ಹೆಚ್ಚುತ್ತದೆಂದು ಅಂದಾಜಿಸಿತು. ಆದರೆ ಆ ಒಂದು ಗಂಟೆಯೊಳಗೆ ಸೇದಿದ್ದವರು 9 ಜನ ಮಾತ್ರ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಯುವಕರಲ್ಲಿ ಹೃದಯಾಘಾತವೇ ವಿರಳವಾದ್ದರಿಂದ ಹಲವು ಪಟ್ಟು ಹೆಚ್ಚಿದರೂ ಸಂಖ್ಯೆ ಸಣ್ಣದೇ. 2024ರಲ್ಲಿ ಪ್ರಕಟವಾದ, ನಾಲ್ಕು ಲಕ್ಷಕ್ಕೂ ಹೆಚ್ಚು ವಯಸ್ಕರ ಸಮೀಕ್ಷೆಯಲ್ಲಿ ದಿನವೂ ಬಳಸುವವರಿಗೆ ಹೃದಯಾಘಾತದ ಸಂಭವ ಶೇ 25, ಪಾರ್ಶ್ವವಾಯುವಿನದು ಶೇ 42 ಹೆಚ್ಚು ಕಂಡಿತು. ಇಂಥ ಸಮೀಕ್ಷೆ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ. ಆದರೂ ತಂಬಾಕನ್ನು ಎಂದೂ ಸೇದದವರಲ್ಲೂ ಆ ನಂಟು ಉಳಿದದ್ದನ್ನು ನಾನು ಹಗುರವಾಗಿ ಕಾಣಲಾರೆ. ಸೇದದೆ ತಿಂದರಾಯಿತೇ ಎಂದೂ ಕೇಳಿದ್ದೀರಿ. ತಿಂದಾಗ ಹೊಗೆ ತಪ್ಪುತ್ತದೆ, ಟಿಎಚ್‌ಸಿ ತಪ್ಪುವುದಿಲ್ಲ.

ಇನ್ನು ಎಳೆಯ ಹೃದಯದ ಮಾತು. ಹೃದಯಾಘಾತಕ್ಕೆ ವರ್ಷಗಟ್ಟಲೆ ಕೊಬ್ಬು ಕಟ್ಟಿಕೊಂಡಿರಲೇಬೇಕೆಂದಿಲ್ಲ. ರಕ್ತನಾಳ ಒಮ್ಮೆಲೇ ಸೆಟೆದುಕೊಂಡರೂ, ಅದರೊಳಗೆ ರಕ್ತ ಹೆಪ್ಪುಗಟ್ಟಿದರೂ ಸಾಕು.

ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ, ನಿಮ್ಮ ತಂದೆಗೆ 48ನೇ ವಯಸ್ಸಿನಲ್ಲೇ ಹೃದಯಾಘಾತವಾಯಿತೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಕಣ್ಣು ಕಚ್ಚಿಕೊಂಡದ್ದು ಆ ಸಾಲಿಗೆ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೂ ಮುಂಚೆ ಹೃದ್ರೋಗ ಬಂದಿದ್ದರೆ ವೈದ್ಯರು ಅದನ್ನು ಪ್ರತ್ಯೇಕ ಅಪಾಯವೆಂದೇ ಎಣಿಸುತ್ತಾರೆ. ದಯವಿಟ್ಟು ಗಾಂಜಾ ಬಿಡಿ. ಇದೇ ತಿಂಗಳು ರಕ್ತದೊತ್ತಡ, ಕೊಲೆಸ್ಟರಾಲ್, ಇಸಿಜಿ ಪರೀಕ್ಷೆ ಮಾಡಿಸಿ, ಸೇದುತ್ತಿದ್ದದ್ದನ್ನೂ ತಂದೆಯ ವಿಷಯವನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮತ್ತೆಂದಾದರೂ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಇಳಿದರೆ, ಅಮಲು ಇಳಿಯಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

– ಸಂಪಾದಕ