ವಿಡಿಯೋ ನೋಡುವಾಗ ನೀಲಿ ಪರದೆ ಬಂದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ. ಹಳೆಯ ಡ್ರೈವರ್ ಕಾರಣವೇ?

ಇರಬಹುದು. ಹಾಗೆಂದು ಬರೀ ಊಹೆಯ ಮೇಲೆ ಎಲ್ಲ ಡ್ರೈವರ್‌ಗಳನ್ನೂ (ಕಂಪ್ಯೂಟರಿನ ಬಿಡಿಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶಗಳು) ಬದಲಿಸಲು ಹೊರಡಬೇಡಿ. ಮುಂದಿನ ಸಲ ನೀಲಿ ಪರದೆ ಬಂದಾಗ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ‘ವಿಡಿಯೋ ಟಿಡಿಆರ್ ಫೇಲ್ಯೂರ್’ ಎಂದಿದ್ದರೆ ತೊಂದರೆ ಗ್ರಾಫಿಕ್ಸ್ ಕಡೆಯದು. ಕೊಟ್ಟ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಸ್ಪಂದಿಸದಿದ್ದರೆ ವಿಂಡೋಸ್ ಅದನ್ನು ಮತ್ತೆ ಚಾಲೂ ಮಾಡಲು ನೋಡುತ್ತದೆ. ಅದೂ ಸಾಧ್ಯವಾಗದಿದ್ದಾಗ ಈ ಪರದೆ ಬರುತ್ತದೆ.

ಈಗ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್‌ನ (ಗ್ರಾಫಿಕ್ಸ್ ಚಿಪ್‌ಗೆ ಅಲ್ಲಿರುವ ಹೆಸರು) ಪ್ರಾಪರ್ಟೀಸ್‌ನಲ್ಲಿ ಡ್ರೈವರ್‌ನ ದಿನಾಂಕ ನೋಡಿ. ಇಲ್ಲಿ ಒಂದು ಎಚ್ಚರ: ಬೇರೆ ಸಾಧನಗಳ ಎದುರು 2006ರ ಜೂನ್ 21 ಎಂಬ ದಿನಾಂಕ ಕಂಡರೆ ಗಾಬರಿಯಾಗಬೇಡಿ. ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕೆಂದೇ ಆ ಹಳೆಯ ದಿನಾಂಕ ಹಾಕಿದೆ. ತಯಾರಕರ ಡ್ರೈವರ್ ಇದ್ದರೆ ಅದಕ್ಕೇ ಆದ್ಯತೆ ಸಿಗಲಿ ಎಂಬುದು ಉದ್ದೇಶ.

ಹೊಸ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ, ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ಹುಡುಕಿ. ಅಲ್ಲಿ ಸಿಗದಿದ್ದರೆ ಮಾತ್ರ ಚಿಪ್ ತಯಾರಿಸಿದ ಕಂಪನಿಯ ತಾಣಕ್ಕೆ ಹೋಗಿ. ಜಾಹೀರಾತಿನಲ್ಲಿ ಕಾಣುವ ‘ಉಚಿತ ಡ್ರೈವರ್ ಅಪ್‌ಡೇಟರ್’ಗಳನ್ನು ದಯವಿಟ್ಟು ಮುಟ್ಟಬೇಡಿ. ಅವು ತಪ್ಪು ಡ್ರೈವರ್ ಹಾಕಿ, ಇದ್ದ ತೊಂದರೆಯ ಜೊತೆಗೆ ಇನ್ನೊಂದನ್ನು ಸೇರಿಸಬಹುದು.

ಅಪ್‌ಡೇಟ್ ಆದ ಮೇಲೆಯೇ ಕಾಟ ಶುರುವಾಗಿದ್ದರೆ ಅದೇ ಪ್ರಾಪರ್ಟೀಸ್‌ನಲ್ಲಿರುವ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಿಂದಿನ ಡ್ರೈವರ್‌ಗೆ ಮರಳಿ. ಹೊಸದು, ಹಳೆಯದು ಎರಡರಲ್ಲೂ ಕ್ರ್ಯಾಶ್ ಆಗುತ್ತಿದ್ದರೆ ಡ್ರೈವರ್ ಬಿಟ್ಟು ಫ್ಯಾನಿನ ದೂಳು, ಚಿಪ್‌ನ ಬಿಸಿ ಮತ್ತು ರ‍್ಯಾಮ್ ಪರೀಕ್ಷಿಸಿ.