ಹಳೆಯ ಟ್ಯಾಂಕ್ ಆಟ ಮಕ್ಕಳಿಗೆ ಯಾಕೆ ಹಿಡಿಸುತ್ತೆ?

ನಮಸ್ಕಾರ. ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ಹೊಸ ಕನ್ಸೋಲ್ ಇದ್ದರೂ ಇಬ್ಬರೂ ಹಳೆಯ ಟ್ಯಾಂಕ್ ಆಟಕ್ಕೇ ಅಂಟಿಕೊಂಡಿದ್ದಾರೆ, ಯಾಕಿರಬಹುದು, ಇನ್ನೇನು ಕೊಡಿಸಬಹುದು ಅಂತ ಕೇಳಿದ್ದೀರಿ. ಮೇಲೆ ಇಬ್ಬರು "ನಮ್ಮ ಕಾಲದ ಆಟಗಳೇ ಚೆಂದ" ಎಂದು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಆ ನೆನಪು ನಮ್ಮದು, ಮಕ್ಕಳದಲ್ಲ. ರಜೆಗೆ ಬಂದಿದ್ದ ನನ್ನ ಅಕ್ಕನ ಮಗ ಅದೇ ಆಟ ನೋಡಿ "ಇದು ಹೊಸದಾ?" ಅಂತ ಕೇಳಿದ. ಅವನಿಗೆ ಅದು ಹಳೆಯದು ಅಂತಲೇ ಗೊತ್ತಿರಲಿಲ್ಲ!

ಹಾಗಾದರೆ ಏನು ಹಿಡಿಸುತ್ತೆ? ಆ ಆಟವನ್ನೇ ನೋಡಿ. ಅದರ ಹೆಸರು ಬ್ಯಾಟಲ್ ಸಿಟಿ, ನಾಮ್ಕೋ ಕಂಪನಿ 1985ರಲ್ಲಿ ತಂದದ್ದು. ಪರದೆಯ ಕೆಳಗೆ ನಡುವಿನಲ್ಲಿ ಹದ್ದಿನ ಗುರುತು, ಅದರ ಸುತ್ತ ಇಟ್ಟಿಗೆ ಗೋಡೆ. ಒಬ್ಬರಿಗೆ ಹಳದಿ ಟ್ಯಾಂಕ್, ಇನ್ನೊಬ್ಬರಿಗೆ ಹಸಿರು. ಒಂದೊಂದು ಸ್ಟೇಜಿಗೂ ಇಪ್ಪತ್ತು ಶತ್ರು ಟ್ಯಾಂಕ್. ಹದ್ದಿಗೆ ಒಂದು ಗುಂಡು ಬಿದ್ದರೆ ಆಟ ಮುಗೀತು. ಆ ಗುಂಡು ನಿಮ್ಮದೇ ಆದರೂ ಅಷ್ಟೇ. ಜೊತೆಗಾರನಿಗೆ ಗುಂಡು ತಗುಲಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಕದಲದೆ ನಿಲ್ಲುತ್ತಾನೆ, ಅಷ್ಟೆ.

ನನ್ನ ಪ್ರಕಾರ ಈ ಎರಡು ನಿಯಮದಲ್ಲೇ ಎಲ್ಲಾ ಇದೆ. ಒಬ್ಬ ಹದ್ದು ಕಾಯಬೇಕು, ಇನ್ನೊಬ್ಬ ಮುಂದೆ ಹೋಗಬೇಕು ಅಂತ ಆಟ ಎಲ್ಲೂ ಹೇಳಿಕೊಡುವುದಿಲ್ಲ. ಎರಡು ಸಲ ಸೋತ ಮೇಲೆ ಮಕ್ಕಳೇ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತಾರೆ. ಆಮೇಲೆ ಕಾಯುವವನಿಗೆ ಬೇಜಾರಾಗುತ್ತೆ, ಸುಮ್ನೆ ಅಣ್ಣನಿಗೋ ಅಕ್ಕನಿಗೋ ಒಂದು ಗುಂಡು ಹಾರಿಸುತ್ತಾನೆ. ಜಗಳ, ನಗು, ಮತ್ತೆ ಆಟ. ಈ ಕೀಟಲೆಗೆ ಶಿಕ್ಷೆ ಚಿಕ್ಕದು, ಅದಕ್ಕೇ ಮಜಾ ಜಾಸ್ತಿ. ಇಬ್ಬರ ಕಣ್ಣೂ ಒಂದೇ ಪರದೆ ಮೇಲಿರುವುದರಿಂದ ತಪ್ಪು ಯಾರದು ಅನ್ನೋದನ್ನು ಮುಚ್ಚಿಡೋಕೂ ಆಗಲ್ಲ. ಹಿಂದೆ ನಿಂತು ನೋಡುವ ಮೂರನೆಯವನಿಗೂ ಅರ್ಧ ನಿಮಿಷದಲ್ಲಿ ಎಲ್ಲಾ ಅರ್ಥವಾಗಿರುತ್ತೆ. ಸಲಹೆ ಕೊಡೋಕೂ ಶುರು ಮಾಡಿರುತ್ತಾನೆ.

ಇದು ಮೊದಲಿನಿಂದಲೂ ಹೀಗೇ. 1972ರಲ್ಲಿ ಬಂದ ಅಟಾರಿ ಕಂಪನಿಯವರ ಪಾಂಗ್ ಎಂಬ ಆಟದ ಯಂತ್ರದ ಮೇಲೆ ಆಡುವ ಬಗ್ಗೆ ಇದ್ದದ್ದು ಒಂದೇ ಸಾಲು: ಜಾಸ್ತಿ ಅಂಕ ಬೇಕಾದರೆ ಚೆಂಡು ಬಿಡಬೇಡಿ. 1977ರಲ್ಲಿ ಅಟಾರಿ ಕನ್ಸೋಲ್ ಜೊತೆಗೇ ಬಂದ ಕಾಂಬ್ಯಾಟ್ ಆಟದಲ್ಲಿ ಒಬ್ಬರೇ ಆಡುವ ಸೌಕರ್ಯವೇ ಇರಲಿಲ್ಲ. ಆಗಿನ ಯಂತ್ರಕ್ಕೆ ಬುದ್ಧಿವಂತ ಎದುರಾಳಿಯನ್ನು ಮಾಡಿಕೊಡುವ ಶಕ್ತಿ ಕಡಿಮೆ. ಹಾಗಾಗಿ ಎದುರಾಳಿಯಾಗಿ ಪಕ್ಕದಲ್ಲಿ ಕೂತವರನ್ನೇ ಬಳಸಿಕೊಂಡರು. ಪಕ್ಕದಲ್ಲಿ ಕೂತ ಮನುಷ್ಯ ಹಳೆಯದಾಗಲ್ಲ, ಅಲ್ವಾ?

ಅದಕ್ಕೇ ಹಳೆಯದೆಲ್ಲವೂ ಮಕ್ಕಳಿಗೆ ಹಿಡಿಸುತ್ತೆ ಅಂದುಕೊಳ್ಳಬೇಡಿ. ಒಬ್ಬರೇ ಆಡುವ ಹಳೆಯ ಆಟಗಳಲ್ಲಿ ಎಷ್ಟೋ ಕ್ರೂರವಾಗಿವೆ. ಸೇವ್ ಇರಲ್ಲ, ಒಂದು ತಪ್ಪಿಗೆ ಮೊದಲಿನಿಂದ ಶುರು. ನಾನು ಆಸೆಪಟ್ಟು ತೋರಿಸಿದ ಅಂಥ ಎರಡು ಆಟಗಳನ್ನು ನಮ್ಮ ಮಕ್ಕಳು ಹತ್ತು ನಿಮಿಷಕ್ಕೇ ಕೈಬಿಟ್ಟರು. ನನಗೆ ಬೇಜಾರಾಯಿತು, ಆದರೆ ಅವರು ಮಾಡಿದ್ದೇ ಸರಿ.

ಮುಂದೇನು ಕೊಡಬಹುದು ಅಂದರೆ, ಮೊದಲು ಬಾಂಬರ್‌ಮ್ಯಾನ್, ಬಾಂಬ್ ಇಟ್ಟು ಎದುರಾಳಿಯನ್ನು ಸೋಲಿಸುವ ಆಟ. ಸೂಪರ್ ನಿಂಟೆಂಡೊ ಕನ್ಸೋಲಿಗೆ 1993ರಲ್ಲಿ ಬಂದ ಸೂಪರ್ ಬಾಂಬರ್‌ಮ್ಯಾನ್‌ನಲ್ಲಿ ನಾಲ್ಕು ಜನ ಆಡಬಹುದು. ಒಂದು ಸುತ್ತು ಎರಡು ಮೂರು ನಿಮಿಷ. ಸೋತವನು ಜಾಸ್ತಿ ಹೊತ್ತು ಮುಖ ಊದಿಸಿಕೊಂಡು ಕೂರಬೇಕಿಲ್ಲ. ತಾನೇ ಇಟ್ಟ ಬಾಂಬಿಗೆ ತಾನೇ ಸಿಕ್ಕಿಬೀಳುವುದಂತೂ ಎಲ್ಲರಿಗೂ ಆಗುತ್ತೆ, ದೊಡ್ಡವರಿಗೆ ಜಾಸ್ತಿ.

ಎರಡನೆಯದು ಕಾಂಟ್ರಾ, ಇಬ್ಬರೂ ಜೊತೆಗೆ ಓಡುತ್ತಾ ಗುಂಡು ಹಾರಿಸುವ ಆಟ. ಇದರಲ್ಲಿ ಒಂದು ಏಟಿಗೆ ಒಂದು ಜೀವ ಹೋಗುತ್ತೆ, ಏಳು ವರ್ಷದವನಿಗೆ ಕಷ್ಟ. ಎನ್‌ಇಎಸ್ (ನಿಂಟೆಂಡೊದ ಹಳೆಯ ಕನ್ಸೋಲ್) ಆವೃತ್ತಿಯಲ್ಲಿ ಶುರುವಿನ ಪರದೆ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ. ಇಬ್ಬರಿದ್ದರೆ ಸೆಲೆಕ್ಟ್, ಆಮೇಲೆ ಸ್ಟಾರ್ಟ್. ಮೂವತ್ತು ಜೀವ ಸಿಗುತ್ತೆ. ಇದು ಮೋಸ ಅಂತ ಮುಜುಗರ ಬೇಡ. ಕಾಂಟ್ರಾ ತಂದ ಕಂಪನಿಯದೇ ಆದ ಗ್ರೇಡಿಯಸ್ ಎಂಬ ಆಟ ಕಷ್ಟವೆನಿಸಿ, ಅದನ್ನು ತಯಾರಿಸುತ್ತಿದ್ದ ಕಜುಹಿಸ ಹಶಿಮೊಟೊ ಅವರೇ ತಮ್ಮ ಅನುಕೂಲಕ್ಕೆ ಈ ಗುಟ್ಟು ಸೇರಿಸಿಕೊಂಡದ್ದು. ಕಾಂಟ್ರಾದ ಮೂರನೇ ಸ್ಟೇಜಿನಲ್ಲಿ ಜಲಪಾತ ಹತ್ತಬೇಕು. ಮುಂದಿರುವವನು ಸರಸರ ಹತ್ತಿದರೆ ಪರದೆಯೂ ಮೇಲೇರಿ ಕೆಳಗಿದ್ದವನು ಸಾಯುತ್ತಾನೆ. "ತಡಿ, ತಡಿ!" ಅನ್ನುವ ಕೂಗು ಅಡುಗೆಮನೆವರೆಗೂ ಕೇಳುತ್ತೆ.

ಇಬ್ಬರ ಕೈಚಳಕದಲ್ಲಿ ಅಂತರ ಜಾಸ್ತಿ ಇದ್ದರೆ ಮಾರಿಯೋ ಕಾರ್ಟ್ ಎಂಬ ರೇಸ್ ಆಟ ಒಳ್ಳೆಯದು. ಹಿಂದುಳಿದವರಿಗೇ ಬಲವಾದ ಆಯುಧ ಸಿಗುವ ಹಾಗೆ ಅದನ್ನು ಮಾಡಿದ್ದಾರೆ. ಇಬ್ಬರು ಎದುರುಬದುರು ಹೊಡೆದಾಡುವ ಸ್ಟ್ರೀಟ್ ಫೈಟರ್ 2 ಈಗಲೇ ಬೇಡ. ಆರು ಬಟನ್, ಅಕ್ಕನೇ ಗೆಲ್ಲುತ್ತಾಳೆ, ತಮ್ಮ ಎದ್ದು ಹೋಗುತ್ತಾನೆ.

ಸಾಮಾನಿನ ವಿಷಯ. "ಸಾವಿರಾರು ಆಟ ಒಂದರಲ್ಲೇ" ಎನ್ನುವ ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಕೆಲವೇ ಆಟಗಳು ಬೇರೆ ಬೇರೆ ಹೆಸರಲ್ಲಿ ತಿರುಗಿ ಬರುತ್ತವೆ. ಆ ಸಂಖ್ಯೆಗೆ ಮರುಳಾಗಬೇಡಿ, ಕಂಟ್ರೋಲರಿನ ಬಟನ್ ಒತ್ತಿ ನೋಡಿ ತಗೊಳ್ಳಿ. ಬಾತುಕೋಳಿಗೆ ಗುರಿ ಇಡುವ ಹಳೆಯ ಗನ್ ಈಗಿನ ಎಲ್‌ಸಿಡಿ, ಎಲ್‌ಇಡಿ ಟಿವಿಗಳಲ್ಲಿ ಕೆಲಸ ಮಾಡಲ್ಲ. ಆ ಗನ್ನಿನ ಲೆಕ್ಕವೆಲ್ಲ ಹಳೆಯ ಟ್ಯೂಬ್ ಟಿವಿಯ ಬೆಳಕಿನ ಸಮಯಕ್ಕೆ ಹೊಂದಿಸಿದ್ದು.

ಇದಕ್ಕಿಂತ ಮುಖ್ಯವಾದದ್ದು ಟಿವಿಯ ಸೆಟ್ಟಿಂಗ್. ಈ ಆಟಗಳು ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತವೆ. ಈಗಿನ ಟಿವಿ ಚಿತ್ರವನ್ನು ಚೆಂದ ಮಾಡಲು ಹೋಗಿ ತಡ ಮಾಡುತ್ತೆ. ಬಟನ್ ಒತ್ತಿದ ಮೇಲೆ ಟ್ಯಾಂಕ್ ತಿರುಗುವುದು ಒಂದು ಚೂರು ನಿಧಾನ ಅನ್ನಿಸಿದರೆ ಪಿಕ್ಚರ್ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ. ನಮ್ಮ ಮನೆಯಲ್ಲಿ ಇದು ತಿಳಿಯುವ ತನಕ, ಚಿಕ್ಕವನಿಗೆ ಆಡೋಕೆ ಬರಲ್ಲ ಅಂತಲೇ ಅಂದುಕೊಂಡಿದ್ದೆವು. ಪಾಪ, ತಪ್ಪು ಟಿವಿಯದು.

ಇನ್ನೊಂದು ಮಾತು. ಮೊದಲ ಕೆಲವು ದಿನ ಹಿಂದೆ ನಿಂತು ಸಲಹೆ ಕೊಡಬೇಡಿ. ನಾನು "ಅಲ್ಲಿ ಹೋಗು, ಇಲ್ಲಿ ಹೊಡಿ" ಅಂತ ಶುರು ಮಾಡಿದ್ದೆ. ಅಕ್ಕನ ಮಗಳು ಮೂರನೇ ದಿನ ಎರಡನೇ ಕಂಟ್ರೋಲರ್ ನನ್ನ ಕೈಗಿಟ್ಟು, "ಮಾಮ, ಹೇಳಬೇಡ, ಆಡು" ಅಂದಳು. ಐದನೇ ಸ್ಟೇಜಿನಲ್ಲಿ ಹದ್ದಿಗೆ ಗುಂಡು ಹಾಕಿದ್ದು ನಾನೇ.