ಪ್ಯಾರಿಸ್ಸಿನಲ್ಲಿ ಗಾಲಿಕುರ್ಚಿಗೆ ಒಗ್ಗುವ ಮನೆ ಯಾವುದು?

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾದಂದಿನಿಂದ ಗಾಲಿಕುರ್ಚಿಯನ್ನು ಬಳಸುವ ನನ್ನ ತಂಗಿಗೆ ಪ್ಯಾರಿಸ್ಸಿನಲ್ಲಿ ಎರಡು ವರ್ಷಗಳ ಸಂಶೋಧನಾ ಹುದ್ದೆ ದೊರೆತಿದೆ. ಅಲ್ಲಿ ಹೆಜ್ಜೆಹೆಜ್ಜೆಗೂ ಮೆಟ್ರೊ ಇರುವುದರಿಂದ, ಯಾವುದಾದರೂ ನಿಲ್ದಾಣದ ಪಕ್ಕದಲ್ಲಿ ಲಿಫ್ಟ್ ಇರುವ ಮನೆ ಹಿಡಿದರೆ ಸಾಕಲ್ಲವೇ?

ಉತ್ತರ: ಸಾಲದು. ಪ್ಯಾರಿಸ್ಸಿನ ಮೆಟ್ರೊ 1900ರಲ್ಲಿ ಆರಂಭವಾದದ್ದು. ಮೆಟ್ಟಿಲು ಇಳಿಯಲಾರದವರೂ ಪ್ರಯಾಣಿಸುತ್ತಾರೆಂಬುದು ಅದನ್ನು ಕಟ್ಟಿದವರ ಲೆಕ್ಕದಲ್ಲಿ ಇರಲೇ ಇಲ್ಲ. ಹದಿನಾರು ಮಾರ್ಗಗಳ ಪೈಕಿ, 1998ರಲ್ಲಿ ತೆರೆದ 14ನೆಯ ಮಾರ್ಗವೊಂದರಲ್ಲಿ ಮಾತ್ರ ಎಲ್ಲ ನಿಲ್ದಾಣಗಳಿಗೂ ಗಾಲಿಕುರ್ಚಿಯಲ್ಲಿ ಹೋಗಬಹುದು. 2005ರ ಫೆಬ್ರವರಿ 11ರ ಫ್ರೆಂಚ್ ಕಾನೂನು ಸಾರ್ವಜನಿಕ ಸ್ಥಳಗಳೆಲ್ಲ ಹತ್ತು ವರ್ಷಗಳೊಳಗೆ ಅಂಗವಿಕಲರಿಗೆ ಅನುಕೂಲವಾಗಬೇಕೆಂದು ವಿಧಿಸಿತಾದರೂ, ನೆಲದಡಿಯ ಹಳೆಯ ಮೆಟ್ರೊವನ್ನು ಆ ಗಡುವಿನಿಂದ ಹೊರಗಿಟ್ಟಿತು. ಸುರಂಗಗಳಲ್ಲಿ ಲಿಫ್ಟ್ ಕೂರಿಸುವುದು ಕಷ್ಟವೆಂಬುದು ನಿಜ. ಆದರೂ ವಿನಾಯಿತಿ ತೀರ ಧಾರಾಳವಾಯಿತೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಮೆಟ್ರೊ ನಕ್ಷೆಯನ್ನು ಬದಿಗಿರಿಸಿ, ಕೆಲಸದ ಜಾಗಕ್ಕೆ ನೇರವಾಗಿ ಹೋಗುವ ಬಸ್ಸು ಅಥವಾ ಟ್ರಾಮ್ ಮಾರ್ಗವನ್ನು ಮೊದಲು ಗುರುತಿಸಿಕೊಂಡು, ಅದರ ಅಕ್ಕಪಕ್ಕದಲ್ಲಿ ಮನೆ ಹುಡುಕಿ. ನಗರದೊಳಗಿನ ಬಸ್ಸುಗಳ ನಡುಬಾಗಿಲಿನಿಂದ ಇಳಿಜಾರು ಹಲಗೆಯೊಂದು ಹೊರಚಾಚಿ ಕಾಲುದಾರಿಯ ಮೇಲೆ ಕೂರುತ್ತದೆ. ಒಳಗಿನ ಮೀಸಲು ಜಾಗವನ್ನು ಮಕ್ಕಳ ತಳ್ಳುಗಾಡಿಗಳು ಆಕ್ರಮಿಸಿಕೊಂಡಿರುವುದುಂಟು. ಗಾಲಿಕುರ್ಚಿಗೇ ಆದ್ಯತೆ ಇರುವುದರಿಂದ ನಿಮ್ಮ ತಂಗಿ ಸಂಕೋಚವಿಲ್ಲದೆ ಕೇಳಬಹುದು.

ಹೆಚ್ಚಿನ ಎಚ್ಚರ ಬೇಕಾದದ್ದು ಮನೆಯ ವಿಷಯದಲ್ಲಿ. ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳಲ್ಲಿ ಅನೇಕವಕ್ಕೆ ಲಿಫ್ಟ್ ಬಂದದ್ದು ತಡವಾಗಿ. ಸುತ್ತುಮೆಟ್ಟಿಲಿನ ನಡುವಿನ ಟೊಳ್ಳಿನಲ್ಲಿ ಎಷ್ಟು ಜಾಗವಿತ್ತೋ ಅಷ್ಟರಲ್ಲೇ ಅದನ್ನು ತುರುಕಿದ್ದಾರೆ. ಇಬ್ಬರು ನಿಂತರೆ ಮೈಗೆ ಮೈ ತಾಗುವಂಥ ಆ ಪೆಟ್ಟಿಗೆಯೊಳಗೆ ಗಾಲಿಕುರ್ಚಿ ಹಿಡಿಯದಿರಬಹುದು. ಕೆಲವೆಡೆ ಲಿಫ್ಟ್ ತಲುಪಲಿಕ್ಕೇ ನಾಲ್ಕಾರು ಮೆಟ್ಟಿಲು ಹತ್ತಬೇಕು. ಹಾಗಾಗಿ ಮನೆಯ ಮಾಲೀಕರನ್ನು 'ಲಿಫ್ಟ್ ಇದೆಯೇ' ಎಂದಷ್ಟೇ ಕೇಳಿದರೆ ಉಪಯೋಗವಿಲ್ಲ. ಅದರ ಬಾಗಿಲಿನ ಅಗಲ ಮತ್ತು ಒಳಗಿನ ಆಳ ಎಷ್ಟು ಸೆಂಟಿಮೀಟರ್, ಬೀದಿಬಾಗಿಲಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ಸ್ನಾನದ ಕೋಣೆಯ ಬಾಗಿಲು ಎಷ್ಟು ಅಗಲ ಎಂಬುದನ್ನು ಬರೆಯಿಸಿಕೊಂಡು, ತಂಗಿಯ ಕುರ್ಚಿಯ ಅಳತೆಯೊಡನೆ ಹೋಲಿಸಿದ ಮೇಲೆಯೇ ಮುಂಗಡ ಕೊಡಿ. ಹಳೆಯ ಕಟ್ಟಡದ ಸೊಬಗಿಗೆ ಮನಸೋಲದೆ, ಇತ್ತೀಚಿನ ಕಟ್ಟಡವನ್ನೇ ಆರಿಸಿಕೊಂಡರೆ ಒಳ್ಳೆಯದು.

ಬೀದಿಗಳ ಬಗ್ಗೆ ಅಷ್ಟು ಆತಂಕ ಬೇಡ. ಹೆಚ್ಚಿನವಕ್ಕೆ ಡಾಂಬರು ಹಾಕಿದೆ. ಮೊಂಮಾರ್ತ್ರ್ ಗುಡ್ಡದಂಥ ಕಡೆಗಳಲ್ಲಿ ಮಾತ್ರ ಉಬ್ಬುತಗ್ಗಿನ ಕಲ್ಲುಹಾಸಿದ್ದು, ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಸಂದಿಗೆ ಸಿಕ್ಕಿಕೊಳ್ಳುತ್ತವೆ. ಹೊಸ್ತಿಲು ಎತ್ತರವಿರುವ ಕೆಲವು ಅಂಗಡಿಗಳ ಬಾಗಿಲಲ್ಲಿ ಕರೆಗಂಟೆಯೊಂದು ಇರುತ್ತದೆ. ಒತ್ತಿದರೆ ಒಳಗಿನವರು ಮಡಿಸುವ ಹಲಗೆಯನ್ನು ತಂದು ಹಾಸುತ್ತಾರೆ.

ಅಂಗವೈಕಲ್ಯದ ಗುರುತುಚೀಟಿಗೆ ಅರ್ಜಿ ಸಲ್ಲಿಸಬೇಕಾದದ್ದು ಎಂಡಿಪಿಎಚ್ ಎಂಬ ಕಚೇರಿಗೆ. ತೀರ್ಮಾನಕ್ಕೆ ತಿಂಗಳುಗಳೇ ಹಿಡಿಯುವುದುಂಟು. ವೈದ್ಯರ ವರದಿಗಳನ್ನು ಫ್ರೆಂಚಿಗೆ ಅನುವಾದಿಸಿಕೊಂಡೇ ಹೊರಟರೆ ಅಲ್ಲಿ ಅಲೆದಾಟ ತಪ್ಪುತ್ತದೆ.